ಕಾಲು ಮೂಡಿದ ಸಾಸಿವೆ

“ಇನ್ನೊಂದು ಸುತ್ತು ಹಾಕಿ,” ಎಂದಳು ಅಮ್ಮ.

ಬೇಕರಿ ಅಂಕಲ್ ಮತ್ತೆ ಕಾರಿನ ಸುತ್ತ ಹೊರಟರು. “ಟೈರ್ ನೋಡ್ದೆ. ಲೈಟ್ ನೋಡ್ದೆ. ಕನ್ನಡಿ ನೋಡ್ದೆ.”

ಅಮ್ಮ ಡ್ರೈವಿಂಗ್ ಕಲಿಸುವವಳು. ಸುತ್ತು ಹಾಕಿ, ನೋಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳದ ಹೊರತು ಅವಳು ಯಾರಿಗೂ ಕೀಲಿ ಕೊಡುವುದಿಲ್ಲ. ಎಷ್ಟೇ ದೊಡ್ಡ ಮನುಷ್ಯರಾದರೂ ಅಷ್ಟೇ.

ಹಿಂದಿನ ಸೀಟಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಸೂಜಿ ತಲೆಯೆತ್ತಿದಳು. ಮಗಳ ಕಣ್ಣಿಗೆ ಯಾವುದೂ ತಪ್ಪುವುದಿಲ್ಲವೆಂದು ಅಮ್ಮನೇ ಇಟ್ಟ ಅಡ್ಡಹೆಸರು ಅದು.

“ಮುಂದಿನ ಗಾಜು ನೋಡಿದ್ರಾ ಅಂಕಲ್?”

ಅಂಕಲ್ ಅಮ್ಮನ ಮುಖ ನೋಡಿದರು. ಅಮ್ಮ ಸೂಜಿಯ ಮುಖ ನೋಡಿದಳು. ಹೋದ ವಾರ ಲಾರಿಯೊಂದರ ಚಕ್ರದಿಂದ ಸಿಡಿದ ಕಲ್ಲು ಬಡಿದು ಗಾಜಿನ ಒಂದು ಮೂಲೆಯಲ್ಲಿ ಚೂರು ಹಾರಿತ್ತು.

“ಅದಕ್ಕೇನಾಗಿದೆ? ಸಾಸಿವೆಕಾಳಷ್ಟಿದೆ. ಶನಿವಾರ ಇವರ ಲೈಸೆನ್ಸ್ ಟೆಸ್ಟ್. ಅದು ಮುಗೀಲಿ, ಆಮೇಲೆ ನೋಡೋಣ.”

“ಅದಕ್ಕೆ ಕಾಲು ಮೂಡಿದೆ ಅಮ್ಮ, ಸಣ್ಣ ಬಿರುಕು. ನಿನ್ನೆ ಇರ್ಲಿಲ್ಲ.”

“ನಿನ್ನ ಕಣ್ಣಿಗೆ ಸಾಸಿವೆಯೂ ಕುಂಬಳಕಾಯಿ. ಹೋಮ್‌ವರ್ಕ್ ಮಾಡು.”

ಸೂಜಿಗೆ ಸಿಟ್ಟು ಬಂತು. ಗಾಜು ಒಡೆದರೆ ಕಾರು ರಸ್ತೆಗಿಳಿಯುವುದಿಲ್ಲ. ಬೇಕರಿ ಅಂಕಲ್‌ಗೆ ಬೇರೆ ಕಾರು ರೂಢಿಯಿಲ್ಲ. ಪಾಪ, ಎರಡು ಸಲ ಫೇಲಾಗಿ, ಈಗ ಮೂರನೆಯ ಸಲಕ್ಕೆ ಒದ್ದಾಡುತ್ತಿದ್ದಾರೆ. ತಾನೇ ಏನಾದರೂ ಮಾಡಬೇಕೆಂದು ಅವಳು ಹಟ ತೊಟ್ಟಳು.

ಅಂದು ಮಂಗಳವಾರ. ಸಂಜೆ ಕ್ರಾಫ್ಟ್ ಡಬ್ಬಿಯಿಂದ ಗಮ್ ತಂದು ಆ ತೂತಿಗೆ ಹಿಂಡಿ, ಬೆರಳಿನಿಂದ ಸವರಿದಳು. ಆಮೇಲೆ ಕಾರಿನೊಳಗೆ ಕೂತು, ಬಿರುಕಿನ ತುದಿಗೆ ಮಾರ್ಕರ್‌ನಿಂದ ಒಂದು ಚುಕ್ಕೆ ಇಟ್ಟಳು. ಇನ್ನು ಇದು ಕೂದಲೆಳೆಯಷ್ಟೂ ಮುಂದೆ ಹೋಗಲಾರದು ಎಂದುಕೊಂಡಳು.

ಬೆಳಗಾಗುವಷ್ಟರಲ್ಲಿ ಬಿರುಕು ಚುಕ್ಕೆ ದಾಟಿತ್ತು. ಸೂಜಿ ಇನ್ನೊಂದು ಚುಕ್ಕೆ ಇಟ್ಟಳು. ಗುರುವಾರ ಮತ್ತೊಂದು. ಶುಕ್ರವಾರ ಶಾಲೆಗೆ ಹೊರಡುವಾಗ ಅಮ್ಮನ ಕೈಹಿಡಿದು ಎಳೆದು ತಂದಳು.

“ಎಣಿಸು.”

“ಒಂದು, ಎರಡು, ಮೂರು...” ಅಮ್ಮ ಗಾಜಿನ ಹತ್ತಿರ ಬಗ್ಗಿದಳು. ಬಿರುಕು ಮೂರನೆಯದನ್ನೂ ದಾಟಿ ಹೋಗಿತ್ತು. “ಬೇಗ ಕಾರು ಹತ್ತು. ಮೊದಲು ಗಾಜಿನ ಅಂಗಡಿ, ಆಮೇಲೆ ಶಾಲೆ.”

ಗಾಜಿನ ಮೇಸ್ತ್ರಿ ಕನ್ನಡಕ ಏರಿಸಿ ಬಗ್ಗಿ ನೋಡಿದರು. “ಇಲ್ಲಿ ಗಮ್ ಹಾಕಿದ್ದು ಯಾರು?”

ಸೂಜಿ ಅಮ್ಮನ ಕಡೆ ನೋಡಿದಳು. ಅಮ್ಮನಿಗೆ ಈ ವಿಷಯ ಗೊತ್ತೇ ಇರಲಿಲ್ಲ.

“ನಾನು.”

“ತೂತಿನ ಬಾಯಿ ಮುಚ್ಚಿದೀಯಮ್ಮ, ಒಳಗೆ ಹೊಟ್ಟೆ ಖಾಲಿನೇ ಇದೆ. ಇದನ್ನ ತೆಗೀದೆ ಬಿರುಕು ತುಂಬೋ ನನ್ನ ಮದ್ದು ಒಳಗಿಳಿಯಲ್ಲ. ತೆಗೆಯೋವಾಗ ಗಾಜು ಪೂರ್ತಿ ಸೀಳಿದ್ರೂ ಸೀಳಬಹುದು. ಏನ್ ಮಾಡ್ಲಿ ಮೇಡಂ?”

ಸೂಜಿ ನೆಲ ನೋಡುತ್ತ, ಬೈಗುಳಕ್ಕೆ ಕಾದಳು.

“ತೆಗೀರಿ,” ಎಂದಳು ಅಮ್ಮ. “ನಾನು ಮೊದಲ ದಿನವೇ ಬಂದಿದ್ರೆ ಗಮ್ಮೇ ಬೇಕಿರ್ಲಿಲ್ಲ.”

ಮೇಸ್ತ್ರಿ ಚೂಪಾದ ಕಡ್ಡಿಯಿಂದ ಗಮ್ಮನ್ನು ಚೂರುಚೂರೇ ಕೆದಕಿದರು. ಸೂಜಿ ಅವರಿಗೆ ಟಾರ್ಚ್ ಹಿಡಿದಳು. ತೋಳು ನೋಯುತ್ತಿದ್ದರೂ ಇಳಿಸಲಿಲ್ಲ. ಗಾಜು ಒಮ್ಮೆ ಟಿಕ್ ಎಂದಿತು. ಮೇಸ್ತ್ರಿ ಕಡ್ಡಿ ಹಿಂತೆಗೆದು ನೋಡಿದರು. ಬಿರುಕು ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ನೀರಿನಂಥ ಮದ್ದು ಒಳಗಿಳಿದು, ನೀಲಿ ದೀಪದ ಬೆಳಕಿಗೆ ಗಟ್ಟಿಯಾಯಿತು.

“ಇನ್ನು ಮುಂದಕ್ಕೆ ಓಡಲ್ಲ. ಆದರೆ ಕಲೆ ಉಳಿಯುತ್ತೆ,” ಎಂದರು ಮೇಸ್ತ್ರಿ.

ಶನಿವಾರ ಬೆಳಿಗ್ಗೆ ಬೇಕರಿ ಅಂಕಲ್ ಸುತ್ತು ಮುಗಿಸಿ, ಗಾಜಿನ ಹೆಸರನ್ನೂ ಹೇಳಿ, ಕೀಲಿಗೆ ಕೈಚಾಚಿದರು.

“ಒಂದ್ನಿಮಿಷ,” ಎಂದಳು ಅಮ್ಮ. “ನನ್ನದಿನ್ನೂ ಆಗಿಲ್ಲ.”

ಅಮ್ಮ ಸುತ್ತು ಹಾಕಿದ್ದನ್ನು ಸೂಜಿ ಒಮ್ಮೆಯೂ ನೋಡಿರಲಿಲ್ಲ. ಟೈರ್, ಲೈಟ್, ಕನ್ನಡಿ ಎಂದು ಹೊಸದಾಗಿ ಕಲಿಯುವವರ ಹಾಗೆ ಜೋರಾಗಿ ಹೇಳುತ್ತ ಬಂದು, ಅವಳು ಗಾಜಿನ ಮುಂದೆ ನಿಂತಳು. ಒಳಗಿದ್ದ ಮೂರು ಚುಕ್ಕೆಗಳನ್ನು ಅವಳು ಒರೆಸಿರಲಿಲ್ಲ. ಕಲೆಯ ಮೇಲೆ ಹೊರಗಿನಿಂದ ನಿಧಾನವಾಗಿ ಬೆರಳಾಡಿಸಿದಳು.

“ಗಾಜು ನೋಡ್ದೆ.”

ಹಿಂದಿನ ಸೀಟಿನಲ್ಲಿ ಸೂಜಿ ಹೋಮ್‌ವರ್ಕ್ ಪುಸ್ತಕ ತೆರೆದಳು. ಇನ್ನು ಆ ಗಾಜನ್ನು ಅವಳೊಬ್ಬಳೇ ಕಾಯಬೇಕಾಗಿರಲಿಲ್ಲ.