ಮುದ್ದೆ ಗುಂಡಿಯ ಟ್ರೇ

ಅಶ್ವಿನಿ ಮಳೆ ಹುಟ್ಟುವ ಮೊದಲೇ ಉದುರಿದ ಹಾಳೆಯೆಲ್ಲ ಒಳಗೆ ಸೇರಬೇಕು. ಒಂದು ಮಳೆ ಬಿದ್ದು ಬೂಷ್ಟು ಹಿಡಿಯಿತೆಂದರೆ ಅಡಿಕೆ ಹಾಳೆ ಅಚ್ಚಿಗೂ ಆಗುವುದಿಲ್ಲ, ಒಲೆಗೂ ಆಗುವುದಿಲ್ಲ. ಜಾವಗಲ್ಲಿನ ಆಚೆ, ನಂಜುಂಡಯ್ಯನ ತೆಂಗಿನ ತೋಟದ ನಡುನಡುವೆ ಎಡೆ ಮಾಡಿಕೊಂಡು ನಿಂತಿದ್ದ ಅಡಿಕೆ ಮರಗಳ ಕೆಳಗೆ ಆ ಭಾನುವಾರ ಬೆಳಿಗ್ಗೆ ಆಳು ದ್ಯಾವಯ್ಯ ಹಾಳೆ ಆಯ್ದು ಹೊರೆ ಕಟ್ಟುತ್ತಿದ್ದ. ಶೆಡ್ಡಿನಲ್ಲಿ ನಂಜುಂಡಯ್ಯನ ಮಗಳು ಪ್ರತಿಮಾ, ನೆನೆದ ಹಾಳೆಗಳನ್ನು ತಿಕ್ಕಿ ತೊಳೆದು, ನೀರಿಳಿಯಲು ಗೋಡೆಗೆ ಒರಗಿಸಿ, ಒಂದೊಂದನ್ನೇ ಬಿಸಿ ಅಚ್ಚಿನ ಕೆಳಗೆ ಇಡುತ್ತಿದ್ದಳು. ಪೆಡಲ್ ತುಳಿದರೆ ಅಚ್ಚು ಇಳಿಯುತ್ತದೆ. ಇಪ್ಪತ್ತು ಎಣಿಸುವಷ್ಟರಲ್ಲಿ ಬೆಂದ ಹಾಳೆಯ ಸಿಹಿ ವಾಸನೆ ಏಳುತ್ತದೆ. ಎತ್ತಿದರೆ ಅನ್ನ, ಪಲ್ಯ, ಮುದ್ದೆಗೆಂದು ಮೂರು ಮನೆಯ ಒಂದು ಟ್ರೇ.

ಇವತ್ತು ಅವಳು ಇಪ್ಪತ್ತು ಎಣಿಸಲು ಹೋಗಿ ಮೂರು ಸಲ ತಪ್ಪಿದ್ದಳು. ಅಂಚು ಕರಕಲಾದ ಮೂರು ಟ್ರೇ ಪಕ್ಕಕ್ಕೆ ಬಿದ್ದಿದ್ದವು.

"ಬಸ್ಸು ಹನ್ನೆರಡೂವರೆಗೆ ಕಣವ್ವ. ಈಗಿನ್ನೂ ಎಂಟೂವರೆ," ಎಂದ ದ್ಯಾವಯ್ಯ, ಹೊರೆ ಇಳಿಸುತ್ತ.

"ನಾನೆಲ್ಲಿ ಬಸ್ಸು ಕೇಳ್ದೆ?"

"ನೀನ್ ಕೇಳ್ನಿಲ್ಲ ಬುಡವ್ವ. ಟ್ರೇ ಕೇಳ್ತಾ ಐತೆ."

ಕರಕಲಾದವು ದಂಡವಾಗುತ್ತಿರಲಿಲ್ಲ. ಮಧ್ಯಾಹ್ನ ಅಂಥದ್ದೊಂದರಲ್ಲೇ ಪ್ರತಿಮಾಳ ಅವ್ವ ಬೋರಮ್ಮ, ಶೆಡ್ಡಿನ ಜಗಲಿಯ ಮೇಲೆ ದ್ಯಾವಯ್ಯನಿಗೆ ಊಟ ಇಡುತ್ತಿದ್ದಳು. ಮನೆಯ ಸ್ಟೀಲ್ ತಟ್ಟೆ ಅವನ ಮುಂದೆ ಬಂದದ್ದನ್ನು ಪ್ರತಿಮಾ ಕಂಡಿರಲಿಲ್ಲ. ಕಂಡಿಲ್ಲವಲ್ಲ ಎಂದು ಯೋಚಿಸಿಯೂ ಇರಲಿಲ್ಲ, ಮೊನ್ನೆಮೊನ್ನೆಯವರೆಗೆ.

ಬಸ್ಸಿಗೆ ಬರಬೇಕಾಗಿದ್ದವನು ರಾಹುಲ್. ಹಳೇಬೀಡಿನ ಕೆರೆಯಂಚಿನ ರೆಸಾರ್ಟೊಂದರಲ್ಲಿ ರೆಸ್ಟೋರೆಂಟ್ ಮ್ಯಾನೇಜರ್. ಅಲ್ಲಿನ ಪಿಂಗಾಣಿ ತಟ್ಟೆಗಳನ್ನೆಲ್ಲ ತೆಗೆದು ಹಾಳೆಯ ಟ್ರೇ ತರೋಣವೆಂದು ಮಾಲೀಕರನ್ನು ಒಪ್ಪಿಸಿದವನು ಅವನೇ. ನಾಳೆ ಮೊದಲ ಲೋಡು ಹೋಗಬೇಕು.

ಸಂಕ್ರಾಂತಿ ಕಳೆದ ವಾರ ಪ್ರತಿಮಾ ಸ್ಕೂಟಿಯಲ್ಲಿ ಸ್ಯಾಂಪಲ್ ಕಟ್ಟಿಕೊಂಡು ಹೋದಾಗ ಅವನು ಟ್ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದ್ದ.

"ಈ ಗುಂಡಿ ಯಾಕ್ರೀ ನಡುವೆ?"

"ಮುದ್ದೆ ಉರುಳಬಾರದಲ್ಲ."

"ನಮ್ದು ಕ್ಯಾಶುವಲ್ ಡೈನಿಂಗ್. ಬರ್ಗರ್, ಫ್ರೈಸ್, ಪಾಸ್ತಾ."

"ಬರ್ಗರ್ರೂ ದುಂಡುಗೇ ಐತಲ್ಲ."

ಅವನು ನಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ಒಂದು ಬರ್ಗರ್ ತಂದು, ಗುಂಡಿಯಲ್ಲಿ ಕೂರಿಸಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಆಮೇಲೆ ನಕ್ಕ. ನಗುವಾಗ ಅವನ ಎಡಗೆನ್ನೆಯಲ್ಲಿ ಒಂದು ಗುಳಿ ಬಿತ್ತು. ಇದಕ್ಕೆ ಯಾವ ಅಚ್ಚು ಒತ್ತಿದರೋ ಎಂದುಕೊಂಡು ಪ್ರತಿಮಾ ಥಟ್ಟನೆ ಕಣ್ಣು ಬೇರೆ ಕಡೆ ತಿರುಗಿಸಿದಳು.

ಆಮೇಲೆ ಸ್ಯಾಂಪಲ್ಲಿನ ನೆಪದಲ್ಲಿ ನಾಲ್ಕು ಸಲ ಹೋದಳು. ನಾಲ್ಕನೆಯ ಸಲ ಅವನು, ಗಿರಾಕಿಗಳ ಮುಂದೆ ಹೇಳಲು ವೇಟರ್‌ಗಳಿಗೆ ಕಲಿಸಿದ್ದ ಮಾತನ್ನು ಅವಳಿಗೆ ಒಪ್ಪಿಸಿದ. "ಇದರಲ್ಲಿ ನಿಮಗಿಂತ ಮುಂಚೆ ಯಾರೂ ಊಟ ಮಾಡಿಲ್ಲ, ನಿಮ್ಮ ನಂತರ ಯಾರೂ ಮಾಡಲ್ಲ." ಹೇಳಿ ಮುಗಿಸಿದ ಮೇಲೂ ಅವಳನ್ನೇ ನೋಡುತ್ತಿದ್ದ. ಅವಳ ಕಿವಿ ಬಿಸಿಯಾಯಿತು.

"ಟ್ರೇ ಬಗ್ಗೆನೇ ಹೇಳಿದ್ದು," ಎಂದ, ಅವಳೇನೂ ಕೇಳದಿದ್ದರೂ.

"ನಾನೇನು ಕೇಳಿದ್ನಾ?"

"ಕೇಳ್ಬಹುದಿತ್ತು."

ಒಂದು ದಿನ ಬಸ್ತಿಹಳ್ಳಿಯ ತಮ್ಮ ಮನೆಗೂ ಕರೆದುಕೊಂಡು ಹೋದ. ಅವನ ತಾಯಿ ರಮಾ ಹೈಸ್ಕೂಲ್ ಟೀಚರ್. ನಡುಮನೆಯ ಗೋಡೆಯ ಮೇಲೆ ನೀಲಿ ಕೋಟಿನ ಬಾಬಾ ಸಾಹೇಬರು, ಪಕ್ಕದಲ್ಲಿ ಬುದ್ಧ. ಪ್ರತಿಮಾ ಆ ಫೋಟೋಗಳನ್ನು ನೋಡಿದಳು, ಊಟದ ಮೇಜಿನ ಮೇಲೆ ಹೊಳೆಯುತ್ತಿದ್ದ ತಟ್ಟೆ ನೋಡಿದಳು, ಅವಳ ಬಾಯಿ ಅವಳನ್ನು ಕೇಳದೆಯೇ ಹೇಳಿಬಿಟ್ಟಿತು: "ನಂಗೆ ಶನಿವಾರದ ಉಪವಾಸ ಆಂಟಿ." ರಮಾ ಮಜ್ಜಿಗೆ ತಂದುಕೊಟ್ಟರು. ಅದನ್ನು ಕುಡಿದಳು. ಆವತ್ತಿನಿಂದ ಆ ಮಾತನ್ನು ಹೊತ್ತುಕೊಂಡೇ ತಿರುಗುತ್ತಿದ್ದಳು. ಅದನ್ನು ಇಳಿಸಿಕೊಳ್ಳಲೆಂದೇ ಅವನನ್ನು ಇವತ್ತು ಊಟಕ್ಕೆ ಕರೆದದ್ದು.

ಬೆಳಿಗ್ಗೆ ಅಡುಗೆಮನೆಯಲ್ಲಿ ಬೋರಮ್ಮ ಹುರುಳಿಕಟ್ಟು ಬಸಿಯುತ್ತ ಅಂದಿದ್ದಳು: "ನಿಮ್ಮಪ್ಪ ವಿಚಾರ್ಸಿದ್ರು. ಆ ಹುಡ್ಗ ಬಸ್ತಿಹಳ್ಳಿ ಗಿಡ್ಡಯ್ಯನ ಮೊಮ್ಮಗನಂತಲ್ಲ."

"ಅದ್ಕೇನವ್ವ?"

"ಏನಿಲ್ಲ. ಬಂದೋರ್ಗೆ ಊಟ ಇಕ್ದೆ ಕಳಿಸ್ತೀನಾ? ಬರ್ಲಿ."

ಆ 'ಏನಿಲ್ಲ'ದ ಒಳಗೆ ಏನಿದೆ ಎಂದು ಕೆದಕಲು ಪ್ರತಿಮಾಗೆ ಧೈರ್ಯವಾಗಲಿಲ್ಲ. ಶೆಡ್ಡು ಅಪ್ಪನದು. ತ್ರೀ ಫೇಸ್ ಕರೆಂಟು ಅಪ್ಪನ ಹೆಸರಲ್ಲಿದೆ. ಹಾಳೆ ಅಪ್ಪನ ಮರದ್ದು. ಅವಳದೆನ್ನಲು ಪೆಡಲ್ ತುಳಿಯುವ ಕಾಲು ಮಾತ್ರ.

ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ರಾಹುಲ್ ಇಸ್ತ್ರಿ ಮಾಡಿದ ತೆಳು ಹಸಿರು ಶರ್ಟು ಹಾಕಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು ಇಳಿದ. ತೋಟದ ದಾರಿಯಲ್ಲಿ ಇಬ್ಬರೂ ಒಂದೊಂದು ಗಾಡಿಜಾಡು ಹಿಡಿದು ನಡೆದರು. ನಡುವೆ ಹುಲ್ಲಿನ ಪಟ್ಟಿ.

"ಇವತ್ತು ಉಪವಾಸ ಏನಾದ್ರೂ ಇದೆಯಾ?" ಅವನು ಮುಂದೆ ನೋಡುತ್ತಲೇ ಕೇಳಿದ.

"ಇಲ್ಲಪ್ಪ. ಯಾಕೆ?"

"ಅಲ್ಲ, ಆವತ್ತು ನಮ್ಮನೇಗೆ ಬಂದಿದ್ರಲ್ಲ, ಆವತ್ತು ಶುಕ್ರವಾರ."

ಪ್ರತಿಮಾ ನಿಂತುಬಿಟ್ಟಳು. "ನಿಮ್ಮಮ್ಮಂಗೆ ಗೊತ್ತಾಯ್ತಾ?"

"ಟೀಚರ್ ಅಲ್ವಾ. ವಾರ ಗೊತ್ತಿರುತ್ತೆ."

ಅವನು ತಮಾಷೆಯ ದನಿಯಲ್ಲೇ ಹೇಳಿದ್ದ. ಅದಕ್ಕೇ ಅವಳಿಗೆ ಹೆಚ್ಚು ನೋವಾಯಿತು. ಬೈದಿದ್ದರೆ ಅತ್ತುಬಿಡಬಹುದಿತ್ತು.

"ಯಾಕೆ ಹಂಗಂದೆ ಅಂತ ನಂಗೇ ಗೊತ್ತಿಲ್ಲ," ಅಂದಳು.

"ನಂಗೆ ಗೊತ್ತು. ನಿಮಗೂ ಗೊತ್ತು." ಚಿಪ್ಪನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, "ಆದ್ರೂ ಬಂದೆ ನೋಡಿ. ಹುರುಳಿಕಟ್ಟಿನ ಸಾರು ಅಂದ್ರಲ್ಲ, ಅದಕ್ಕೆ," ಎಂದ. ಗುಳಿ ಬಿತ್ತು. ಅವಳು ಹುಲ್ಲಿನ ಪಟ್ಟಿ ದಾಟಿ ಅವನ ಜಾಡಿಗೇ ಬಂದು ನಡೆದಳು. ಮೊಣಕೈಗೆ ಮೊಣಕೈ ತಾಕಿತು. ಇಬ್ಬರೂ ಸರಿಯಲಿಲ್ಲ.

ನಡುಮನೆಯಲ್ಲಿ ಚಾಪೆ ಹಾಸಿ, ಅಪ್ಪನಿಗೊಂದು ಅವನಿಗೊಂದು ಸ್ಟೀಲ್ ತಟ್ಟೆಯನ್ನು ಪ್ರತಿಮಾ ತಾನೇ ಇಟ್ಟಳು. ಚೊಂಬಿಗೆ ನೀರು ತುಂಬಿಸಲು ಹೋದಳು. ಬರುವಷ್ಟರಲ್ಲಿ ಒಂದು ತಟ್ಟೆ ಇರಲಿಲ್ಲ. ಆ ಜಾಗದಲ್ಲಿ ಟ್ರೇ ಇತ್ತು.

"ನಿಮ್ದೇ ಮಾಲು ಕಣಪ್ಪ," ಬೋರಮ್ಮ ಅಕ್ಕರೆಯಿಂದಲೇ ಹೇಳುತ್ತಿದ್ದಳು. "ಅದ್ಕೇ ಅದ್ರಲ್ಲೇ ಹಾಕಿವ್ನಿ. ಹೊಸಾದು. ಯಾರೂ ಉಂಡಿಲ್ಲ ಅದ್ರಲ್ಲಿ."

ರಾಹುಲ್ ಟ್ರೇ ನೋಡಿದ. ನಂಜುಂಡಯ್ಯನ ತಟ್ಟೆ ನೋಡಿದ. "ನನ್ನ ನಂತರನೂ ಯಾರೂ ಉಣ್ಣಲ್ಲ, ಅಲ್ವಾಮ್ಮ?" ಎಂದು ನಕ್ಕ. ಗುಳಿ ಬೀಳಲಿಲ್ಲ.

"ಹೂಂ ಮತ್ತೆ. ತೊಳೆಯೋ ತಾಪತ್ರಯನೇ ಇಲ್ಲ."

ಪ್ರತಿಮಾ ಚೊಂಬು ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ಅವ್ವನ ಮಾತಿನಲ್ಲಿ ಹಿಡಿದೆಳೆಯಲು ಒಂದು ತುದಿಯೂ ಇರಲಿಲ್ಲ. ಟ್ರೇ ಚೆನ್ನಾಗಿತ್ತು, ಹೊಸದಾಗಿತ್ತು, ಮಾಡಿದವಳು ತಾನೇ. ಜಗಲಿಯ ಮೇಲೆ ದ್ಯಾವಯ್ಯ ಉಣ್ಣುವ ಸದ್ದು ಹೊರಗಿನಿಂದ ಕೇಳುತ್ತಿತ್ತು.

ಬೋರಮ್ಮ ಗಂಡನಿಗೆ ಬಡಿಸುವಾಗ ಸೌಟು ತಟ್ಟೆಗೆ ತಾಕಿ ಟಣ್ ಎನ್ನುತ್ತಿತ್ತು. ರಾಹುಲನಿಗೆ ಬಡಿಸುವಾಗ ಅದೇ ಸೌಟು ಟ್ರೇಗಿಂತ ಒಂದು ಗೇಣು ಮೇಲೆಯೇ ನಿಲ್ಲುತ್ತಿತ್ತು. ಮುದ್ದೆಯನ್ನೂ ಮೇಲಿನಿಂದಲೇ ಬಿಟ್ಟಳು. ಅದು ಗುಂಡಿಯಲ್ಲಿ ಸರಿಯಾಗಿ ಕೂತಿತು. ತುಪ್ಪವನ್ನು ಮಾತ್ರ ಅಪ್ಪನಿಗಿಂತ ಅವನಿಗೇ ಹೆಚ್ಚು ಹಾಕಿದಳು.

"ನಾಳಿಕ್ಕೆ ಲೋಡು ರೆಡಿ ಐತೆ," ನಂಜುಂಡಯ್ಯ ಉಣ್ಣುತ್ತ ಹೇಳಿದ. "ಇನ್ನೂ ಎರಡು ರೆಸಾರ್ಟ್ ಐತಂತಲ್ಲ ಬೇಲೂರು ಕಡೆ. ಒಂದ್ ಮಾತು ಹೇಳಿ."

"ಹೇಳ್ತೀನಿ ಸಾರ್."

"ಒಳ್ಳೆ ಹುಡುಗ ನೀವು."

ರಾಹುಲ್ ಒಂದಗುಳೂ ಬಿಡದೆ ಊಟ ಮುಗಿಸಿದ. ಸಾರು ಚೆನ್ನಾಗಿದೆ ಎಂದು ಎರಡು ಸಲ ಹೇಳಿದ. ಅಷ್ಟು ಹೊತ್ತೂ ಪ್ರತಿಮಾಳ ಕಡೆ ನೋಡಲಿಲ್ಲ. ಅವಳಿಗೆ ನಾಚಿಕೆಯಾಗಬಾರದೆಂದು ಅವನು ನೋಡುತ್ತಿಲ್ಲ ಎನ್ನುವುದು ಗೊತ್ತಾಗಿ ಅವಳ ಕಣ್ಣು ತುಂಬಿತು.

ನಂಜುಂಡಯ್ಯ ಎದ್ದು ಕೈ ತೊಳೆಯಲು ಹೋದ. ಅವನು ಎದ್ದ ಕೂಡಲೇ ಬೋರಮ್ಮ ಕೂತು, ಅವನು ಉಂಡ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಅನ್ನ ಬಡಿಸಿಕೊಂಡಳು. ಮದುವೆಯಾಗಿ ಬಂದ ದಿನದಿಂದ ಮೂವತ್ತು ವರ್ಷ ಅವಳು ಹೀಗೇ ಗಂಡ ಉಂಡ ತಟ್ಟೆಯಲ್ಲಿ ಉಂಡವಳು. ಅದನ್ನು ಯಾರೂ ಗಮನಿಸುತ್ತಲೂ ಇರಲಿಲ್ಲ.

ರಾಹುಲ್ ತನ್ನ ಟ್ರೇ ತಾನೇ ಎತ್ತಿಕೊಂಡು ನಿಂತ. "ಇದನ್ನ ಎಲ್ಲಿ ಹಾಕ್ಲಮ್ಮ?"

"ಶೆಡ್ಡಿನ ಹಿಂದೆ ತಿಪ್ಪೆ ಐತೆ. ಅಲ್ಲಾಕ್ಬುಡಪ್ಪ."

"ಕೊಡಿ ಇಲ್ಲಿ," ಎಂದಳು ಪ್ರತಿಮಾ.

"ಬಿಡ್ರೀ, ನಾನೇ ಹಾಕ್ತೀನಿ."

"ಕೊಡಿ ಅಂದೆ."

ಅವನ ಕೈಯಿಂದ ಟ್ರೇ ತೆಗೆದುಕೊಂಡಳು. ಬಾಗಿಲ ಕಡೆ ಹೋಗಲಿಲ್ಲ. ಅವ್ವನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಟ್ರೇಯನ್ನು ತನ್ನ ಮುಂದೆ ಇಟ್ಟುಕೊಂಡು, ಅನ್ನದ ಪಾತ್ರೆಯಿಂದ ತಾನೇ ಅನ್ನ ಹಾಕಿಕೊಂಡಳು.

"ಅವ್ವ, ಸಾರು ಇಕ್ಕು."

ಆ ಮನೆಯಲ್ಲಿ ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಬೋರಮ್ಮನ ಬಾಯಿಗೆ ಹೋಗುತ್ತಿದ್ದ ತುತ್ತು ನಿಂತಿತು. ಟವೆಲಿನಲ್ಲಿ ಕೈ ಒರೆಸುತ್ತ ಬಂದ ನಂಜುಂಡಯ್ಯ ಬಾಗಿಲಲ್ಲೇ ನಿಂತ. ಮಗಳ ಮುಂದಿದ್ದ ಟ್ರೇ ನೋಡಿದ, ಬರಿಗೈಯಲ್ಲಿ ನಿಂತಿದ್ದ ರಾಹುಲನನ್ನು ನೋಡಿದ. ಮೊಳೆಯ ಮೇಲಿದ್ದ ಶೆಡ್ಡಿನ ಬೀಗದ ಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟದ ಕಡೆ ಇಳಿದುಹೋದ.

"ಏಳೇ," ಬೋರಮ್ಮನ ದನಿ ಪಿಸುಗುಟ್ಟಿದಂತಿತ್ತು. "ನಿನ್ ದಮ್ಮಯ್ಯ ಅಂತೀನಿ, ಎದ್ದೇಳು. ಬ್ಯಾರೆ ತಟ್ಟೆ ಕೊಡ್ತೀನಿ."

"ನೀನು ಬ್ಯಾರೆ ತಟ್ಟೆ ತಗತೀಯಾ?"

ಬೋರಮ್ಮ ತನ್ನ ಮುಂದಿನ ತಟ್ಟೆ ನೋಡಿಕೊಂಡಳು.

"ಬೇಡ್ರೀ," ಎಂದ ರಾಹುಲ್. "ನನಗೋಸ್ಕರ ಇದೆಲ್ಲ..."

"ನಿಮಗೋಸ್ಕರ ಅಲ್ಲ," ಎಂದಳು ಪ್ರತಿಮಾ. ತಕ್ಷಣ, ತಲೆ ಎತ್ತದೆ, "ನಿಮಗೋಸ್ಕರಾನೇ," ಎಂದಳು. "ಅವ್ವ, ಸಾರು."

ಬೋರಮ್ಮ ಎಡಗೈಯಲ್ಲಿ ಸೌಟು ಎತ್ತಿಕೊಂಡಳು. ಅದು ಮಗಳ ಟ್ರೇಯ ಮೇಲೆ ಬಂದು, ಒಂದು ಗೇಣು ಎತ್ತರದಲ್ಲೇ ನಿಂತಿತು. ಇನ್ನಷ್ಟು ಕೆಳಗೆ ಇಳಿಸಲು ನೋಡಿದಳು. "ಕೈ ಬರಾಕಿಲ್ಲ ಕಣೇ," ಎಂದು ಅತ್ತಳು. ಅಲ್ಲಿಂದಲೇ ಹುಯ್ದಳು. ಸಾರು ಅನ್ನದ ಮೇಲೆ ಬಿದ್ದು ಸಿಡಿಯಿತು. ಪ್ರತಿಮಾಳ ಮುಂಗೈ ಮೇಲೆ, ಕೆನ್ನೆಯ ಮೇಲೆ ಬಿಸಿ ಹನಿ ಬಿದ್ದವು.

ಅವಳು ಒರೆಸಿಕೊಳ್ಳಲಿಲ್ಲ. ಕಲಸಿದಳು. ಒಂದು ತುತ್ತು ಬಾಯಿಗಿಟ್ಟಳು. ಅದನ್ನು ಅಗಿದು ಮುಗಿಸುವ ಮೊದಲೇ ಇನ್ನೊಂದು ಇಟ್ಟಳು.

ದೂರದಲ್ಲಿ, ರಸ್ತೆಯ ತಿರುವಿನಲ್ಲಿ, ಹಳೇಬೀಡಿನ ಕಡೆಗೆ ಹೋಗುವ ಎರಡು ಗಂಟೆಯ ಬಸ್ಸು ಹಾರ್ನ್ ಮಾಡಿತು. ಅದು ಬಿಟ್ಟರೆ ಮತ್ತೆ ಸಂಜೆಗೇ. ರಾಹುಲ್ ಬಾಗಿಲ ಕಡೆ ನೋಡಿದ. ಆಮೇಲೆ ಬಂದು, ಅವಳ ಪಕ್ಕದಲ್ಲಿ, ಚಾಪೆಯಿಲ್ಲದ ನೆಲದ ಮೇಲೇ ಕೂತ. ಚೊಂಬಿನ ನೀರನ್ನು ಅವಳ ಕೈಗೆ ಎಟುಕುವ ಹಾಗೆ ಸರಿಸಿ ಇಟ್ಟ.

"ನಿಧಾನಕ್ಕೆ ಉಣ್ಣು ಪ್ರತಿಮಾ," ಎಂದ. "ಬಸ್ಸು ಹೋದ್ರೆ ಹೋಗ್ಲಿ."