ಕಿಟಕಿ ಪಕ್ಕದ ಫೋಟೋಗಳು

ರಾತ್ರಿ ದಿಂಬಿನ ಪಕ್ಕ ಫೋನು ಟಿಂಗ್ ಎಂದಿತು.

"ನಿನ್ನ ಗಾಲಿಕುರ್ಚಿಗಳಿಗೆ ನಿದ್ದೆ ಬರಲ್ವೇನೆ?" ತಂಗಿ ಗೊಣಗಿ ಮಗ್ಗುಲಾದಳು.

ನಮ್ಮ ಸಂಸ್ಥೆ ನಡೆಯಲಾರದವರಿಗೆ ಗಾಲಿಕುರ್ಚಿ ಎರವಲು ಕೊಡುತ್ತದೆ. ಪ್ರತಿ ಕುರ್ಚಿಯ ಫೋಟೋ ಎಲ್ಲರೂ ಸೇರಿ ಬಳಸುವ ಒಂದು ಸೈಟಿನಲ್ಲಿರುತ್ತದೆ. ಹುಡುಕಿದಾಗ ಸಿಗಲೆಂದು 'ಮಕ್ಕಳದ್ದು', 'ಬ್ರೇಕ್ ಸಡಿಲ' ಎಂದು ಟ್ಯಾಗ್ ಹಾಕುತ್ತೇವೆ. ಯಾರು ಬೇಕಾದರೂ ಹಾಕಬಹುದು. ಅಡ್ಡಾದಿಡ್ಡಿ ಹಾಕಿದ್ದನ್ನು ತಿದ್ದುವವಳು ನಾನು. ಹಾಗಾಗಿ ಆಫೀಸಿನಲ್ಲಿ ನಾನು ಟ್ಯಾಗಮ್ಮ.

ಹೊಸ ಟ್ಯಾಗ್: 'ಕಿಟಕಿ ಪಕ್ಕ'. ಹಾಕಿದವನು ನಮ್ಮ ಮೆಕ್ಯಾನಿಕ್.

ಕಿಟಕಿ ಪಕ್ಕ ನಿಂತರೆ ಕುರ್ಚಿಗೇನು ಬಂತು? ಸಿಟ್ಟಿನಲ್ಲೇ ಫೋಟೋ ತೆರೆದೆ. ಕುರ್ಚಿಯ ಹಿಂದೆ ನನ್ನ ಮೊಣಕೈ. ಇನ್ನೊಂದರಲ್ಲಿ ನನ್ನ ಜಡೆಯ ತುದಿ. ಮತ್ತೊಂದರಲ್ಲಿ ಪೆನ್ನು ಕಚ್ಚುತ್ತ ಕೂತ ನಾನು, ಅರ್ಧ ಮುಖಕ್ಕೆ ಬಿಸಿಲು.

ಕಿಟಕಿ ಪಕ್ಕದ ಮೇಜು ನನ್ನದು.

ಬೆಳಿಗ್ಗೆ ದಾನಿಗಳು ಬರುತ್ತಾರೆ. ನಾವೆಲ್ಲ ಅಕ್ಕ ಎನ್ನುವ ನಮ್ಮ ಮುಖ್ಯಸ್ಥೆ ಸೈಟನ್ನು ದೊಡ್ಡ ಪರದೆಯಲ್ಲಿ ತೋರಿಸುತ್ತಾರೆ. ಹೊಸ ಟ್ಯಾಗ್ ಮೊದಲ ಪುಟದಲ್ಲೇ ಎದ್ದು ಕಾಣುತ್ತದೆ. ಅಳಿಸಿದರೆ ಅವನು ಏನಂದುಕೊಂಡಾನು? ಅಳಿಸದಿದ್ದರೆ ಊರೆಲ್ಲ ಏನಂದುಕೊಂಡೀತು? ಬೆರಳು ಹೋಯಿತು, ಹಿಂದೆ ಬಂತು. ಹೊರಳಾಡುತ್ತಲೇ ಬೆಳಗಾಯಿತು.

ಆಫೀಸಿಗೆ ಓಡಿದರೆ ಅವನಾಗಲೇ ಬಾಗಿಲಲ್ಲಿದ್ದ. ಕೈಯಲ್ಲಿ ಸ್ಪ್ಯಾನರ್, ಕಿವಿ ಕೆಂಪು.

"ನೋಡಿದ್ರಾ?"

"ನೋಡ್ದೇ ಇರ್ತೀನಾ? ಟ್ಯಾಗ್ ಬಂದ್ರೆ ನನ್ನ ಫೋನ್ ಬಡ್ಕೊಳ್ಳುತ್ತೆ."

"ನಂಗೊಬ್ಬನಿಗೇ ಕಾಣುತ್ತೆ ಅಂದ್ಕೊಂಡಿದ್ದೆ. ಅಳಿಸೋಕೆ ಹೋದ್ರೆ ಬಿಡ್ತಿಲ್ಲ."

"ಅಳಿಸೋಳು ನಾನೊಬ್ಳೇ."

"ಅಳಿಸ್ಬಿಡಿ ಹಾಗಾದ್ರೆ." ಅವನು ಸ್ಪ್ಯಾನರನ್ನೇ ನೋಡುತ್ತಿದ್ದ. "ಇನ್ಮೇಲೆ ಕುರ್ಚಿಗಳನ್ನ ಗೋದಾಮಲ್ಲೇ ಇಟ್ಟು ಫೋಟೋ ತೆಗೀತೀನಿ."

"ಗೋದಾಮಲ್ಲಿ ಬೆಳಕಿಲ್ಲ," ಎಂದೆ.

ಅವನು ತಲೆಯೆತ್ತಿದ. ಚಕ್ರ ನೆಟ್ಟಗಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಾನಲ್ಲ, ಹಾಗೇ ನನ್ನ ಮುಖ ನೋಡಿದ. ನಾನು ಕಂಪ್ಯೂಟರಿನತ್ತ ತಿರುಗಿದೆ.

ಹೊರಗೆ ಕಾರಿನ ಬಾಗಿಲು ಬಡಿದ ಸದ್ದು, ಅಕ್ಕನ ದನಿ.

ಆ ಟ್ಯಾಗನ್ನು ಯಾರು ನೋಡಬಹುದು ಎಂಬಲ್ಲಿ 'ಎಲ್ಲರೂ' ತೆಗೆದು ಅವನ ಹೆಸರು ಹಾಕಿದೆ. ಕೆಳಗೆ ನನ್ನದು. ಆಮೇಲೆ ನನ್ನ ಫೋನಿನಿಂದ ಅದೇ ಟ್ಯಾಗಿಗೆ ಒಂದು ಫೋಟೋ ಸೇರಿಸಿದೆ: ಚಕ್ರದ ಕಡ್ಡಿಗಳ ಆಚೆ ಮಂಡಿಯೂರಿ ತನ್ನಷ್ಟಕ್ಕೆ ನಗುತ್ತಿರುವ ಅವನು. ತೆಗೆದು ತಿಂಗಳುಗಳೇ ಆಗಿದ್ದವು. ಯಾವ ಟ್ಯಾಗ್ ಹಾಕಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದೆ.

ಅವನ ಜೇಬು ಟಿಂಗ್ ಎಂದಿತು. ತೆಗೆದು ನೋಡಿದ. ನೋಡುತ್ತಲೇ ನಿಂತ.

"ಏನ್ರೀ ಟ್ಯಾಗಮ್ಮ," ಅಕ್ಕ ಒಳಬಂದರು, "ರಾತ್ರಿ ಏನೋ ಕಿಟಕಿ ಅಂತ ಬಂದಿತ್ತಲ್ಲ?"

ಸ್ಪ್ಯಾನರ್ ಠಣ್ಣೆಂದು ನೆಲಕ್ಕೆ ಬಿತ್ತು.

"ಎಲ್ಲರಿಗೂ ಕಾಣೋ ಹಾಗೆ ಹಾಕ್ಬಿಟ್ಟಿದ್ರು ಅಕ್ಕ. ಸರಿ ಮಾಡ್ದೆ."

ರಾತ್ರಿ ತಂಗಿ ಕೆದಕಿದಳು, "ಏನೇ ಇವತ್ತು, ಒಬ್ಬಳೇ ನಗ್ತಿದ್ದೀಯ?"

ಎಲ್ಲವನ್ನೂ ಎಲ್ಲರಿಗೂ ಸಿಗುವಂತೆ ಇಡುವುದು ನನ್ನ ಕೆಲಸ. ಇದೊಂದನ್ನು ಇವಳಿಗೂ ಹೇಳಬಾರದೆಂದುಕೊಂಡು ದೀಪ ಆರಿಸಿದೆ.