ಬೆಳ್ತಂಗಡಿಯ ಕೊರಿಯನ್ ಹುಡುಗಿ

"ಡ್ಯಾನ್ಸ್ ಚೆನ್ನಾಗಿತ್ತು. ಆದರೆ ನೀವು ಕುಣಿದ ಹಾಡಿನ ಅರ್ಥ ನಿಮಗೆ ಗೊತ್ತುಂಟಾ?"

ಮೈಕಿನಲ್ಲಿ ಬಂದ ಆ ಪ್ರಶ್ನೆಗೆ ಮೂಡುಬಿದಿರೆಯ ಆ ಸಭಾಂಗಣ ಘೊಳ್ಳೆಂದು ನಕ್ಕಿತು.

ವೇದಿಕೆಯ ಮೇಲೆ ಏದುಸಿರು ಬಿಡುತ್ತಿದ್ದ ಮೋಕ್ಷಿತಾಳ ಮುಖ ಕಪ್ಪು ಮಾಸ್ಕಿನೊಳಗೇ ಕೆಂಪಾಯಿತು. ಕೇಳಿದವನು ಆ ಕೊರಿಯನ್ ಡ್ಯಾನ್ಸ್ ಸ್ಪರ್ಧೆಯ ತೀರ್ಪುಗಾರ ಶೋಧನ್. ಕೊರಿಯಾದ ಸಿಯೋಲ್‌ನಲ್ಲಿ ನಾಲ್ಕು ವರ್ಷ ಓದಿ ಬಂದು, ಈಗ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಕೊರಿಯನ್ ಭಾಷೆ ಕಲಿಸುತ್ತಿದ್ದವನು.

ಎಷ್ಟು ಅಹಂಕಾರ ಇವನಿಗೆ!

ಅವಳು ನಿರೂಪಕಿಯ ಕೈಯಿಂದ ಮೈಕ್ ಕಸಿದುಕೊಂಡಳು. ಹಾಡಿನ ಸಾಲನ್ನು ಮೊದಲು ಕೊರಿಯನ್ನಿನಲ್ಲಿ ಹೇಳಿದಳು, ಆಮೇಲೆ ಕನ್ನಡದಲ್ಲಿ.

"'ನಾನು ಯಾರೆಂದು ನಾನೇ ಹೇಳುತ್ತೇನೆ' ಅಂತ ಅರ್ಥ ಸರ್. ಬೆಳ್ತಂಗಡಿಯಿಂದ ದಿನಾ ಕಾಲೇಜಿಗೆ ಬರುವಾಗ ಬಸ್ಸಿನಲ್ಲಿ ಮೊಬೈಲ್ ನೋಡಿ ಕಲಿತದ್ದು. ಇನ್ನೆಂತಾದರೂ ಕೇಳ್ಲಿಕ್ಕೆ ಉಂಟಾ?"

ನಗು ಗಪ್ಪನೆ ನಿಂತಿತು. ಶೋಧನ್ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದ.

ಕಾರ್ಯಕ್ರಮ ಮುಗಿದಾಗ ಗೇಟಿನ ಹತ್ತಿರ ಕಾಯುತ್ತಿದ್ದ.

"ಹೀಯಾಳಿಸಲಿಕ್ಕೆ ಕೇಳಿದ್ದಲ್ಲ..." ಎಂದವನು ತಡವರಿಸಿದ. "ಅಲ್ಲ, ಸ್ವಲ್ಪ ಹಾಗೇ ಕೇಳಿದ್ದು. ತಪ್ಪಾಯ್ತು."

ಆ ಪ್ರಾಮಾಣಿಕತೆಗೆ ಮೋಕ್ಷಿತಾಳಿಗೆ ನಗು ಬಂದುಬಿಟ್ಟಿತು!

ಭಾನುವಾರಗಳಲ್ಲಿ ಅವಳು ಅವನ ಕ್ಲಾಸಿಗೆ ಹೋಗತೊಡಗಿದಳು. ಬರಬರುತ್ತಾ 'ನೀವು' 'ನೀನು' ಆಯಿತು, ಅವನ ಬಾಯಲ್ಲಿ ಮಾತ್ರ.

"ಕುಣಿಯುವಾಗ ಮಾಸ್ಕ್ ಯಾಕೆ?" ಒಂದು ದಿನ ಕೇಳಿದ.

"ಅಪ್ಪನಿಗೆ ಗೊತ್ತಿಲ್ಲ ಸರ್..."

ಅಪ್ಪ ಧರ್ಣಪ್ಪ, ನಸುಕಿಗೇ ಎದ್ದು ರಬ್ಬರ್ ಮರಗಳ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸ ಮಾಡಿ ಮಗಳನ್ನು ಓದಿಸುತ್ತಿದ್ದವರು. ಪರದೇಶದ ಹಾಡಿಗೆ ಮಗಳು ಕುಣಿಯುತ್ತಾಳೆಂದು ತಿಳಿದರೆ?

ಶೋಧನ್ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ನೀಲಿ ಕೂದಲಿನ ಯುವಕ.

"ಸಿಯೋಲ್‌ನಲ್ಲಿ ನನ್ನ ರೂಮ್‌ಮೇಟ್. ಶನಿವಾರ ಕೂದಲಿಗೆ ಬಣ್ಣ, ಬೀದಿಯಲ್ಲಿ ಡ್ಯಾನ್ಸ್. ಸೋಮವಾರ ಬಣ್ಣ ತೊಳೆದು, ಕಪ್ಪು ಕೋಟು ಹಾಕಿ ಇಂಟರ್‌ವ್ಯೂಗೆ! ಅವನಿಗೂ ಅಪ್ಪನ ಹೆದರಿಕೆ."

"ಅಲ್ಲಿಯೂ?"

"ಅಲ್ಲಿಯೂ ಮಾರಾಯ್ತಿ!"

ನಾನೊಬ್ಬಳೇ ಅಲ್ಲ... ಮೋಕ್ಷಿತಾಳ ಎದೆ ಹಗುರಾಯಿತು. ಅಂದು ಕ್ಲಾಸಿನವರ ಎದುರು ಮೊದಲ ಬಾರಿ ಮಾಸ್ಕಿಲ್ಲದೆ ಕುಣಿದಳು.

ಮಾರನೇ ವಾರ ಆ ವಿಡಿಯೋ ಕ್ಲಾಸಿನ ಇನ್‌ಸ್ಟಾಗ್ರಾಮ್ ಪೇಜಿನಲ್ಲಿತ್ತು. ಅವಳ ಮುಖ ಸ್ಪಷ್ಟವಾಗಿ! ಕೆಳಗೆ ಯಾರೋ, 'ನಮ್ಮ ಬೆಳ್ತಂಗಡಿಯ ಕೊರಿಯನ್ ಹುಡುಗಿ' ಎಂದು ಬರೆದು ನಕ್ಕಿದ್ದರು.

ಬಸ್ಸಿನಿಂದಲೇ ಶೋಧನ್‌ಗೆ ಫೋನ್ ಮಾಡಿದಳು.

"ನಿಮ್ಮ ಕ್ಲಾಸಿನ ಜಾಹೀರಾತಿಗೆ ನನ್ನ ಮುಖವೇ ಬೇಕಿತ್ತಾ ಸರ್?"

"ಮೋಕ್ಷಿತಾ, ಒಂದು ನಿಮಿಷ ಕೇಳು..."

ಅವಳು ಕೇಳಲಿಲ್ಲ. ಅವನ ನಂಬರನ್ನೇ ಬ್ಲಾಕ್ ಮಾಡಿದಳು. ನಂಬಿದ್ದೆನಲ್ಲಾ ಎಂದು ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಅತ್ತಳು.

ನಾಲ್ಕು ದಿನ ಕಳೆಯಿತು. ಸಂಜೆ ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕಾಯುತ್ತಿದ್ದರು.

"ನಿನ್ನ ಕೊರಿಯನ್ ಮಾಸ್ಟ್ರು ಬಂದಿದ್ರು."

ಮೋಕ್ಷಿತಾ ಮೆಟ್ಟಿಲಲ್ಲೇ ನಿಂತಳು.

"ವಿಡಿಯೋ ಹಾಕಿದ್ದು ಕ್ಲಾಸಿನ ತರುಣ್ ಅಂತೆ, ಯಾರನ್ನೂ ಕೇಳದೆ. ಇವರು ಕೂಡಲೇ ತೆಗೆಸಿದ್ದಾರೆ. ಆದರೂ 'ತಪ್ಪು ನನ್ನದು, ಮಗಳಿಗೆ ಬೈಬೇಡಿ' ಅಂತ ಕೈಮುಗಿದ್ರು."

"ನೀವು... ಎಂತ ಹೇಳಿದ್ದು ಅಪ್ಪಾ?"

"ತೆಗೆದದ್ದು ಯಾಕೆ, ನಾನು ನೋಡ್ಲೇ ಇಲ್ಲವಲ್ಲ ಅಂದೆ! ಅವರ ಮೊಬೈಲಲ್ಲಿ ತೋರಿಸಿದ್ರು. ಎರಡು ಸಲ ನೋಡಿದೆ." ಧರ್ಣಪ್ಪ ಎದ್ದು ಬಂದು ಮಗಳ ತಲೆ ಸವರಿದರು. "ಹಾಡು ಅರ್ಥ ಆಗ್ಲಿಲ್ಲ. ಆದರೆ ಅಷ್ಟು ಖುಷಿಯಲ್ಲಿ ನಿನ್ನನ್ನು ಮನೆಯಲ್ಲಿ ನೋಡಿದ್ದೇ ಇಲ್ಲ ಮಗಾ... ನನಗೆ ಹೆದರಿ ಇಷ್ಟು ದಿನ ಅಡಗಿಸಿಟ್ಟದ್ದಾ?"

ಅವಳು ರಬ್ಬರ್ ಹಾಲಿನ ವಾಸನೆಯ ಆ ಅಂಗಿಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಇಂಥ ಅಪ್ಪನಿಗೆ ಹೆದರಿದ್ದೆನಾ ನಾನು?

ಭಾನುವಾರ ಬಿ.ಸಿ. ರೋಡಿಗೆ ಬಂದಾಗ ಕ್ಲಾಸು ನಡೆಯುತ್ತಿತ್ತು. ಮೆಲ್ಲಗೆ ಕೊನೆಯ ಬೆಂಚಿನಲ್ಲಿ ಕೂತಳು. ಅವಳನ್ನು ಕಂಡ ಶೋಧನ್‌ನ ಕೈಯ ಮಾರ್ಕರ್ ಅಲ್ಲೇ ನಿಂತಿತು. ಸಾವರಿಸಿಕೊಂಡು ಪಾಠ ಮುಂದುವರಿಸಿದ.

"ಹಿರಿಯರಿಗೆ, ಮಾಸ್ಟ್ರಿಗೆ ಕೃತಜ್ಞತೆ ಹೇಳುವಾಗ 'ಕಂಸಾಹಮ್ನಿದಾ'. ತೀರಾ ಹತ್ತಿರದವರಿಗೆ ಮಾತ್ರ 'ಗೊಮಾವೊ'."

ಎಲ್ಲರೂ ಹೋದ ಮೇಲೆ ಅವಳು ಎದ್ದು ಬಂದಳು.

"ನಿಮ್ಮ ಮಾತು ಕೇಳದೆ ಫೋನ್ ಇಟ್ಟೆ. ತಪ್ಪಾಯ್ತು."

"ಮನೆಗೆ ಬಂದದ್ದು ಬರೀ ಕ್ಷಮೆ ಕೇಳ್ಲಿಕ್ಕೆ ಅಲ್ಲ ಮೋಕ್ಷಿತಾ," ಅವನ ಧ್ವನಿ ತಗ್ಗಿತು. "ನಿನ್ನ ಹತ್ತಿರ ಮಾತಾಡದೆ ಆ ನಾಲ್ಕು ದಿನ ಕಳೆಯಲಿಕ್ಕೇ ಆಗ್ಲಿಲ್ಲ. ನಿನ್ನನ್ನು ಪ್ರೀತಿಸ್ತೇನೆ."

ಅವಳ ಕಣ್ಣು ತುಂಬಿತು. ಎಷ್ಟೋ ಹೇಳಬೇಕಿತ್ತು... ಬಂದದ್ದು ಒಂದೇ ಮಾತು.

"ಗೊಮಾವೊ."

"ನಾನು ನಿನ್ನ ಮಾಸ್ಟ್ರಲ್ವಾ? ಕಂಸಾಹಮ್ನಿದಾ ಹೇಳ್ಬೇಕು."

"ಇಲ್ಲ ಶೋಧನ್," ಮೊದಲ ಸಲ ಹೆಸರು ಹಿಡಿದು ಕರೆದು ಅವಳು ನಕ್ಕಳು. "ಪಾಠ ನಾನು ಸರಿಯಾಗಿಯೇ ಕೇಳಿಸಿಕೊಂಡಿದ್ದೇನೆ."